ಪಿನ್ನಿಗೂ ಪೇಟೆಂಟ್, ಅರಿಶಿನಕ್ಕೆ ಏಕಿಲ್ಲ?

ಮಕ್ಕಳೇ, ಅವ್ವನ ಬಳೆಯಲ್ಲಿ ಒಂದೆರಡು ಪಿನ್ನು ಸಿಕ್ಕಿಸಿರುವುದನ್ನು ನೀವು ನೋಡಿರುತ್ತೀರಿ. ಸೆರಗು ಜಾರದಂತೆ ಹಿಡಿಯಲು, ಅಂಗಿಯ ಗುಂಡಿ ಕಿತ್ತುಹೋದಾಗ, ಶಾಲೆಯ ಚೀಲದ ಪಟ್ಟಿ ಹರಿದಾಗ ಬೇಕಾಗುವುದು ಈ ಪಿನ್ನೇ. ಅದನ್ನು ಒಮ್ಮೆ ಬಿಚ್ಚಿ ಸರಿಯಾಗಿ ನೋಡಿ. ಒಂದೇ ತಂತಿ. ಅದರ ಒಂದು ಕಡೆ ಸುರುಳಿ ಇದೆ. ಇನ್ನೊಂದು ಕಡೆ ಮೊನೆಯನ್ನು ಮುಚ್ಚುವ ಸಣ್ಣ ಟೊಪ್ಪಿಗೆ ಇದೆ. ಸುರುಳಿಯು ಸ್ಪ್ರಿಂಗ್‌ನಂತೆ ತಂತಿಯನ್ನು ಹೊರಕ್ಕೆ ತಳ್ಳುತ್ತದೆ, ಟೊಪ್ಪಿಗೆ ಅದನ್ನು ಹಿಡಿದಿಡುತ್ತದೆ. ಹೀಗಾಗಿ ಪಿನ್ನು ತಾನಾಗಿ ಬಿಚ್ಚುವುದಿಲ್ಲ, ಚುಚ್ಚುವುದೂ ಇಲ್ಲ.

ಇದನ್ನು ಮಾಡಿದವನು ಅಮೆರಿಕದ ವಾಲ್ಟರ್ ಹಂಟ್. 1849ರ ಏಪ್ರಿಲ್ 10ರಂದು ಈ ಪಿನ್ನಿಗೆ ಅವನಿಗೆ ಪೇಟೆಂಟ್ ಸಿಕ್ಕಿತು. ಆದರೆ ಅವನಿಗೆ 15 ಡಾಲರ್ ಸಾಲವಿತ್ತು. ಸಾಲ ತೀರಿಸುವ ಅವಸರದಲ್ಲಿ ಪೇಟೆಂಟಿನ ಹಕ್ಕನ್ನು 400 ಡಾಲರ್‌ಗೆ ಮಾರಿಬಿಟ್ಟ. ಕೊಂಡವರು ಮುಂದೆ ಪಿನ್ನು ಮಾರಿ ಬಹಳ ಹಣ ಗಳಿಸಿದರು.

ಹಂಟ್ ಮಾರಿದ್ದು ಪಿನ್ನುಗಳ ಡಬ್ಬಿಯನ್ನಲ್ಲ, ಒಂದು ಉಪಾಯವನ್ನು. ಉಪಾಯವನ್ನು ಮಾರಲು ಸಾಧ್ಯವೆ? ಹೊಲ, ಮನೆ, ಎತ್ತುಗಳಿಗೆ ಒಡೆಯರಿರುವಂತೆ ಉಪಾಯಕ್ಕೂ ಒಡೆಯರಿರುತ್ತಾರೆಯೆ? ಬನ್ನಿ, ತಿಳಿಯೋಣ.

ಪೇಟೆಂಟ್ ಎಂದರೇನು?

ಪೇಟೆಂಟ್ ಎಂದರೆ ಹೊಸ ವಸ್ತುವನ್ನು ಅಥವಾ ಹೊಸ ವಿಧಾನವನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಇದು ಒಂದು ಒಪ್ಪಂದವಿದ್ದಂತೆ. ಸರ್ಕಾರ ಹೀಗೆ ಹೇಳುತ್ತದೆ: "ನಿನ್ನ ಉಪಾಯವನ್ನು ಗುಟ್ಟಾಗಿ ಇಡಬೇಡ. ಅದನ್ನು ಹೇಗೆ ಮಾಡಿದೆ ಎಂದು ಚಿತ್ರ ಸಹಿತ ಬರೆದುಕೊಡು. ಅದನ್ನು ಎಲ್ಲರೂ ಓದಲಿ. ಅದಕ್ಕೆ ಬದಲಾಗಿ ಕೆಲವು ವರ್ಷಗಳ ಕಾಲ ನಿನ್ನ ಅನುಮತಿ ಇಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರದಂತೆ ನಾನು ತಡೆಯುತ್ತೇನೆ."

ನಮ್ಮ ದೇಶದಲ್ಲಿ ಈ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದು ಮುಗಿದ ಮೇಲೆ ಆ ಉಪಾಯ ಎಲ್ಲರಿಗೂ ಸೇರುತ್ತದೆ. ಪೇಟೆಂಟ್ ಕೊಟ್ಟ ದೇಶದಲ್ಲಿ ಮಾತ್ರ ಅದಕ್ಕೆ ಬೆಲೆ. ಭಾರತದ ಪೇಟೆಂಟ್ ಅಮೆರಿಕದಲ್ಲಿ ನಡೆಯುವುದಿಲ್ಲ, ಅಮೆರಿಕದ್ದು ಇಲ್ಲಿ ನಡೆಯುವುದಿಲ್ಲ.

ಪೇಟೆಂಟ್ ಸಿಗಬೇಕಾದರೆ ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು.

1. ಅದು ಹೊಸದಾಗಿರಬೇಕು. ಮೊದಲೇ ಯಾರಿಗೂ ಗೊತ್ತಿರಬಾರದು.
2. ಆ ಕೆಲಸ ಬಲ್ಲ ಯಾರಿಗಾದರೂ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು.
3. ತಯಾರಿಸಲು, ಬಳಸಲು ಬರುವಂತಿರಬೇಕು. ಬರೀ ಕನಸಾಗಿರಬಾರದು.

ನಿಮಗೆ ಗೊತ್ತೆ?
ಭಾರತದಲ್ಲಿ ಇಂಥ ಹಕ್ಕಿಗಾಗಿ ಮೊದಲ ಅರ್ಜಿ ಬಂದದ್ದು 1856ರ ಮಾರ್ಚ್ 3ರಂದು. ಅರ್ಜಿ ಹಾಕಿದವರು ಕಲ್ಕತ್ತದ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬ ಇಂಜಿನಿಯರ್. ಅವರು ಮಾಡಿದ್ದು ಪಂಖಾ ಎಳೆಯುವ ಯಂತ್ರ! ಕರೆಂಟು ಇಲ್ಲದ ಕಾಲದಲ್ಲಿ ಮಾಳಿಗೆಗೆ ತೂಗುಹಾಕಿದ ದೊಡ್ಡ ಬಟ್ಟೆಯ ಪಂಖಾವನ್ನು ಆಳುಗಳು ಹಗ್ಗ ಹಿಡಿದು ಎಳೆಯುತ್ತಿದ್ದರು. ನಮ್ಮ ರಾಯಚೂರಿನ ಬೇಸಿಗೆಯನ್ನು ನೆನೆದರೆ ಮೊದಲ ಅರ್ಜಿ ಗಾಳಿಗಾಗಿಯೇ ಬಂದದ್ದು ಆಶ್ಚರ್ಯವಲ್ಲ.

ಹಟ್ಟಿಯ ಚಿನ್ನ ಮತ್ತು ಒಂದು ಪೇಟೆಂಟಿನ ಜಗಳ

ಮೊದಲನೆಯ ಪರೀಕ್ಷೆ, ಅಂದರೆ 'ಹೊಸದೇ?' ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೇ ಹೋಗೋಣ. ಇಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಜನ ಬಂಡೆ ಒಡೆದು ಚಿನ್ನ ತೆಗೆಯುತ್ತಿದ್ದರು. ಅವರ ಕಣ್ಣಿಗೆ ಕಾಣುವಷ್ಟು ಚಿನ್ನ ಸಿಗುತ್ತಿತ್ತು. ಆದರೆ ಇಂದಿನ ಅದಿರಿನಲ್ಲಿ ಚಿನ್ನ ಕಣ್ಣಿಗೆ ಕಾಣುವುದೇ ಅಪರೂಪ. ಒಂದು ಟನ್, ಅಂದರೆ ಸಾವಿರ ಕಿಲೋ ಕಲ್ಲಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ.

ಇಷ್ಟು ಸಣ್ಣ ಚಿನ್ನವನ್ನು ಕಲ್ಲಿನಿಂದ ಬೇರೆ ಮಾಡುವುದು ಹೇಗೆ? ಮೊದಲು ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆಯುತ್ತಾರೆ. ಅದಕ್ಕೆ ನೀರು ಮತ್ತು ಸ್ವಲ್ಪವೇ ಸೋಡಿಯಂ ಸಯನೈಡ್ ಬೆರೆಸಿ ದೊಡ್ಡ ತೊಟ್ಟಿಗಳಲ್ಲಿ ಗಾಳಿ ಹಾಯಿಸುತ್ತಾರೆ. ನೀರಿನಲ್ಲಿ ಸಕ್ಕರೆ ಮಾಯವಾಗುವಂತೆ ಚಿನ್ನವು ಆ ದ್ರವದಲ್ಲಿ ಸೇರಿಹೋಗುತ್ತದೆ. ಆದರೆ ಇಲ್ಲಿ ನಡೆಯುವುದು ಒಂದು ರಾಸಾಯನಿಕ ಕ್ರಿಯೆ. ಆಮೇಲೆ ಇದ್ದಿಲು ಅಥವಾ ಸತುವಿನ ಪುಡಿಯ ಸಹಾಯದಿಂದ ಚಿನ್ನವನ್ನು ದ್ರವದಿಂದ ಹಿಂದಕ್ಕೆ ಪಡೆಯುತ್ತಾರೆ. ಸಯನೈಡ್ ಬಹಳ ಉಗ್ರವಾದ ವಿಷ. ಆದ್ದರಿಂದ ಗಣಿಯ ತೊಟ್ಟಿಗಳ ಹತ್ತಿರ, ಚಿನ್ನ ತೆಗೆದು ಉಳಿದ ಬೂದು ಮಣ್ಣಿನ ದಿಬ್ಬಗಳ ಹತ್ತಿರ ಆಡಲು ಹೋಗಬಾರದು.

ಈ ವಿಧಾನಕ್ಕೆ 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರಸಾಯನ ವಿಜ್ಞಾನಿ ಜಾನ್ ಸ್ಟೀವರ್ಟ್ ಮ್ಯಾಕ್‌ಆರ್ಥರ್ ಮತ್ತು ವೈದ್ಯರಾದ ಫಾರೆಸ್ಟ್ ಸಹೋದರರು ಪೇಟೆಂಟ್ ಮಾಡಿಸಿದರು. ದಕ್ಷಿಣ ಆಫ್ರಿಕಾದ ಗಣಿಗಳು ಇದನ್ನು ಬಳಸಲು ಹಣ ಕಟ್ಟಬೇಕಾಯಿತು. ಗಣಿ ಮಾಲೀಕರು ಸುಮ್ಮನಿರಲಿಲ್ಲ. "ಚಿನ್ನ ಸಯನೈಡಿನಲ್ಲಿ ಕರಗುವುದು ಹೊಸ ಸಂಗತಿಯೇನಲ್ಲ. ಬೇರೆ ಲೋಹದ ಮೇಲೆ ಚಿನ್ನದ ಲೇಪ ಹಾಕುವವರು ಅದನ್ನು ಮೊದಲಿನಿಂದ ಬಳಸುತ್ತಿದ್ದಾರೆ" ಎಂಬುದು ವಾದವಾಯಿತು. 1896ರಲ್ಲಿ ಟ್ರಾನ್ಸ್‌ವಾಲ್‌ನ ನ್ಯಾಯಾಲಯ ಆ ಪೇಟೆಂಟ್ ಅಲ್ಲಿ ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು.

ನೋಡಿದಿರಾ? ವಿಧಾನ ಒಳ್ಳೆಯದೇ. ಇಂದಿಗೂ ಜಗತ್ತಿನ ಬಹುಪಾಲು ಗಣಿಗಳಲ್ಲಿ ಅದೇ ನಡೆಯುತ್ತಿದೆ. ಆದರೂ 'ಇದು ಮೊದಲೇ ಗೊತ್ತಿತ್ತು' ಎಂಬ ಒಂದು ಮಾತು ಪೇಟೆಂಟನ್ನೇ ಉರುಳಿಸಿತು.

ಗಣಿಯಲ್ಲಿ ದುಡಿಯುವ ಬ್ಯಾಕ್ಟೀರಿಯಾ

ಕೆಲವು ಅದಿರುಗಳು ಬಲು ಹಟಮಾರಿ. ಎಷ್ಟು ಅರೆದರೂ ಚಿನ್ನದ ಕಣಗಳು ಕಬ್ಬಿಣ, ಗಂಧಕ, ಆರ್ಸೆನಿಕ್ ಸೇರಿದ ಖನಿಜದೊಳಗೆ ಅಡಗಿರುತ್ತವೆ. ಕಡಲೆಕಾಯಿಯ ಸಿಪ್ಪೆ ಒಡೆಯದೆ ಬೀಜ ಸಿಗದು ಅಲ್ಲವೆ? ಹಾಗೆಯೇ ಸಯನೈಡ್ ಚಿನ್ನವನ್ನು ಮುಟ್ಟಲಾರದು.

ಈ ಸಿಪ್ಪೆ ಒಡೆಯುವ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಬಹುದು. ಅಮೆರಿಕದ ಕಲ್ಲಿದ್ದಲು ಗಣಿಗಳಿಂದ ಹರಿದು ಬರುವ ಆಮ್ಲದ ನೀರಿನಲ್ಲಿ 1947ರಲ್ಲಿ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಅದರ ಇಂದಿನ ಹೆಸರು ಆಸಿಡಿಥಯೋಬ್ಯಾಸಿಲಸ್ ಫೆರ್ರೊಆಕ್ಸಿಡಾನ್ಸ್. ನಮಗೆ ರೊಟ್ಟಿ, ಅನ್ನದಿಂದ ಶಕ್ತಿ ಬರುವಂತೆ ಇದಕ್ಕೆ ಕಬ್ಬಿಣ ಮತ್ತು ಗಂಧಕದ ಖನಿಜಗಳಿಂದ ಶಕ್ತಿ ಬರುತ್ತದೆ! ಅದು ತನ್ನ ಕೆಲಸ ಮಾಡುತ್ತಾ ಹೋದಂತೆ ಖನಿಜ ಕರಗುತ್ತದೆ, ಒಳಗಿನ ಚಿನ್ನ ಹೊರಗೆ ಬೀಳುತ್ತದೆ. ಚಿನ್ನವನ್ನು ಮಾತ್ರ ಅದು ಮುಟ್ಟುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಮತ್ತು ಅವರ ಸಂಗಡಿಗರು ಇಂಥ ಬ್ಯಾಕ್ಟೀರಿಯಾಗಳನ್ನು ಹಲವು ವರ್ಷ ಅಭ್ಯಾಸ ಮಾಡಿದರು. ಹಟ್ಟಿ ಗಣಿಯ ಜೊತೆ ಸೇರಿ, ಹಟಮಾರಿ ಅದಿರಿನಿಂದ ಚಿನ್ನ ಬಿಡಿಸುವ ಪ್ರಾಯೋಗಿಕ ಘಟಕವನ್ನೂ ನಡೆಸಿದರು. ಬರಿಗಣ್ಣಿಗೆ ಕಾಣದ ಜೀವಿಗಳನ್ನು ಹೀಗೆ ನಮ್ಮ ಕೆಲಸಕ್ಕೆ ಬಳಸುವುದಕ್ಕೆ ಜೈವಿಕ ತಂತ್ರಜ್ಞಾನ ಎನ್ನುತ್ತಾರೆ. ಮೊಸರಿಗೆ ಹೆಪ್ಪು ಹಾಕುವ ನಿಮ್ಮ ಅಜ್ಜಿಗೂ ಈ ವಿದ್ಯೆಯ ಮೊದಲ ಪಾಠ ಗೊತ್ತು.

ಈಗ ಒಂದು ಪ್ರಶ್ನೆ. ಗಣಿಯ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದೆ?

ನಮ್ಮ ಕಾನೂನಿನಂತೆ ಕೊಡಲಾಗದು. ಅದು ಪ್ರಕೃತಿಯಲ್ಲಿ ಮೊದಲೇ ಇತ್ತು. ವಿಜ್ಞಾನಿ ಅದನ್ನು ಕಂಡನೇ ಹೊರತು ಮಾಡಲಿಲ್ಲ. ಆದರೆ ಅದನ್ನು ಬಳಸುವ ಹೊಸ ವಿಧಾನಕ್ಕೆ ಕೊಡಬಹುದು. 1958ರಲ್ಲಿ ಅಮೆರಿಕದ ಕೆನ್ನೆಕಾಟ್ ಎಂಬ ತಾಮ್ರದ ಕಂಪನಿಯ ಮೂವರು ವಿಜ್ಞಾನಿಗಳಿಗೆ, ಇಂಥ ಬ್ಯಾಕ್ಟೀರಿಯಾ ಬಳಸಿ ಅದಿರಿನಿಂದ ಲೋಹ ಕರಗಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತ್ತು.

ಮನುಷ್ಯನೇ ಬದಲಾಯಿಸಿದ ಜೀವಿಯಾದರೆ? ಆ ಪ್ರಶ್ನೆ ಎತ್ತಿದವರು ನಮ್ಮ ಪಶ್ಚಿಮ ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಅವರು ಅಮೆರಿಕದಲ್ಲಿ, ಚೆಲ್ಲಿದ ಕಚ್ಚಾ ತೈಲವನ್ನು ಒಡೆಯಬಲ್ಲ ಬ್ಯಾಕ್ಟೀರಿಯಾವನ್ನು ರೂಪಿಸಿದರು. ಅಂಥದ್ದು ಪ್ರಕೃತಿಯಲ್ಲಿ ಇರಲಿಲ್ಲ. ಪೇಟೆಂಟ್ ಕಚೇರಿ "ಜೀವಿಗೆ ಪೇಟೆಂಟ್ ಇಲ್ಲ" ಎಂದಿತು. ವಿಷಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1980ರಲ್ಲಿ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಚಕ್ರವರ್ತಿಯವರ ಕಡೆ ನಿಂತರು. ಜೀವ ಇದೆಯೋ ಇಲ್ಲವೋ ಎಂಬುದಲ್ಲ, ಮನುಷ್ಯ ಮಾಡಿದ್ದೋ ಪ್ರಕೃತಿಯದ್ದೋ ಎಂಬುದೇ ಮುಖ್ಯ ಎಂದು ತೀರ್ಮಾನವಾಯಿತು.

ಒಂದು ಪರೀಕ್ಷೆ, ನೂರು ಕೋಟಿ ಪ್ರತಿಗಳು

ಇದೇ ಪ್ರಶ್ನೆ ಆಸ್ಪತ್ರೆಯ ಪರೀಕ್ಷೆಗಳಲ್ಲೂ ಬರುತ್ತದೆ. 2020 ಮತ್ತು 2021ರಲ್ಲಿ ಕೊರೊನಾ ಬಂದಾಗ ಮೂಗು, ಗಂಟಲಿನಿಂದ ದ್ರವ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದುದನ್ನು ಮನೆಯವರು ಹೇಳಿರಬಹುದು. ಆರ್‌ಟಿ-ಪಿಸಿಆರ್ ಎಂಬ ಆ ಪರೀಕ್ಷೆಯ ಹಿಂದೆ ಪಿಸಿಆರ್ ಎಂಬ ವಿಧಾನವಿದೆ. ರೋಗಿಯ ದ್ರವದಲ್ಲಿ ವೈರಸ್ ಬಹಳ ಕಡಿಮೆ ಇರಬಹುದು. ಆದ್ದರಿಂದ ಅದರ ಆನುವಂಶಿಕ ವಸ್ತುವಿನ ಒಂದು ತುಣುಕನ್ನು ಡಿಎನ್‌ಎ ರೂಪಕ್ಕೆ ತಂದು, ಕಾಯಿಸಿ ತಣಿಸಿ, ಕಾಯಿಸಿ ತಣಿಸಿ ಮತ್ತೆ ಮತ್ತೆ ಎರಡರಷ್ಟು ಮಾಡುತ್ತಾರೆ. ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ 30 ಸಲ ಆದರೆ ಎಷ್ಟಾಗುತ್ತದೆ? 107 ಕೋಟಿಗೂ ಹೆಚ್ಚು! ನಂಬಿಕೆ ಇಲ್ಲದಿದ್ದರೆ ಗುಣಿಸಿ ನೋಡಿ.

ಇಷ್ಟು ಕಾಯಿಸಿದರೂ ಕೆಡದ ಒಂದು ಕಿಣ್ವ ಈ ಕೆಲಸಕ್ಕೆ ಬೇಕು. ಅದು ಸಿಕ್ಕಿದ್ದು ಅಮೆರಿಕದ ಯೆಲ್ಲೊಸ್ಟೋನ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಬಾಳುವ ಬ್ಯಾಕ್ಟೀರಿಯಾದಿಂದ. ಪಿಸಿಆರ್ ಉಪಾಯ 1983ರಲ್ಲಿ ಹೊಳೆದದ್ದು ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ. 1987ರಲ್ಲಿ ಪೇಟೆಂಟ್ ಸಿಕ್ಕಿತು. 1993ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮೂಲ ಪೇಟೆಂಟಿನ ಅವಧಿ ಅಮೆರಿಕದಲ್ಲಿ 2005ರಲ್ಲಿ ಮುಗಿಯಿತು. ಆದ್ದರಿಂದ ಕೊರೊನಾ ಬಂದಾಗ ಈ ಮೂಲ ವಿಧಾನ ಇಡೀ ಜಗತ್ತಿನ ಸೊತ್ತಾಗಿತ್ತು. ಯಾವ ದೇಶವೂ ಅದಕ್ಕಾಗಿ ಅನುಮತಿ ಕೇಳಿ ಕಾಯಬೇಕಾಗಲಿಲ್ಲ. 'ಕೆಲವು ವರ್ಷ ನಿನ್ನದು, ಆಮೇಲೆ ಎಲ್ಲರದು' ಎಂಬ ಒಪ್ಪಂದದ ಲಾಭ ಇದೇ.

ಆದರೆ ಅವಧಿ ಮುಗಿಯುವ ತನಕ ರೋಗಿಗಳು ಏನು ಮಾಡಬೇಕು? ಇದು ಸಣ್ಣ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಮಿರಿಯಡ್ ಎಂಬ ಕಂಪನಿಯು ಕೆಲವು ಬಗೆಯ ಕ್ಯಾನ್ಸರ್‌ಗೆ ಸಂಬಂಧಿಸಿದ ಎರಡು ಜೀನ್‌ಗಳ ಮೇಲೆ ಪೇಟೆಂಟ್ ಪಡೆದಿತ್ತು. ಬೇರೆ ಪ್ರಯೋಗಾಲಯಗಳು ಆ ಪರೀಕ್ಷೆ ಮಾಡುವುದು ಕಷ್ಟವಾಯಿತು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನಮ್ಮ ದೇಹದಲ್ಲಿ ಸಹಜವಾಗಿರುವ ಜೀನನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಆವಿಷ್ಕಾರವೂ ಆಗದು ಎಂದಿತು.

ಭಾರತದ ಕಾನೂನು ಇನ್ನೊಂದು ಎಚ್ಚರಿಕೆ ವಹಿಸಿದೆ. ರೋಗವನ್ನು ಪತ್ತೆ ಹಚ್ಚುವ, ಚಿಕಿತ್ಸೆ ಕೊಡುವ ವಿಧಾನಕ್ಕೆ ಇಲ್ಲಿ ಪೇಟೆಂಟ್ ಇಲ್ಲ. ಪರೀಕ್ಷೆಗೆ ಬೇಕಾದ ಹೊಸ ಉಪಕರಣಕ್ಕೆ ಮಾತ್ರ ಕೊಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಮತ್ತು ಸಂಗಡಿಗರು ರೂಪಿಸಿದ ಕೈಯಲ್ಲಿ ಹಿಡಿಯುವ ಉಪಕರಣ ಇದಕ್ಕೆ ಉದಾಹರಣೆ. ಸಣ್ಣ ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿದ್ದಾಗ ಅಲ್ಲಿನ ರಾಸಾಯನಿಕದೊಡನೆ ಕ್ರಿಯೆ ನಡೆದು ಬಹಳ ಸಣ್ಣ ವಿದ್ಯುತ್ ಹರಿಯುತ್ತದೆ. ಉಪಕರಣ ಅದನ್ನು ಅಳೆದು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಅಂಶಗಳು ಎಷ್ಟಿವೆ ಎಂದು ತೋರಿಸುತ್ತದೆ.

ನಿಮಗೆ ಗೊತ್ತೆ?
ಸಕ್ಕರೆ ಕಾಯಿಲೆಗೆ ಔಷಧವಾದ ಇನ್ಸುಲಿನ್‌ನ ಪೇಟೆಂಟನ್ನು 1923ರಲ್ಲಿ ಅದರ ಹಕ್ಕುದಾರರು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರ್‌ಗೆ ಕೊಟ್ಟರು. ಕಲ್ಲಿದ್ದಲು ಗಣಿಗಳಿಗೆ ಸುರಕ್ಷಾ ದೀಪ ಮಾಡಿಕೊಟ್ಟ ಹಂಫ್ರಿ ಡೇವಿ ಅದಕ್ಕೆ ಪೇಟೆಂಟನ್ನೇ ಪಡೆಯಲಿಲ್ಲ.

ಅರಿಶಿನವನ್ನು ಉಳಿಸಿದ ಕಾಗದಗಳು

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಆಡುವಾಗ ಬಿದ್ದು ಮೊಣಕಾಲು ತರಚಿದರೆ ಅಜ್ಜಿ ಅರಿಶಿನ ಹಚ್ಚುತ್ತಿದ್ದಳು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ, ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಲ್ಲಿನ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು!

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ಆಗ ಅದರ ಮುಖ್ಯಸ್ಥರು ಡಾ. ಆರ್. ಎ. ಮಾಶೇಲ್ಕರ್. "ನಮ್ಮ ಅಜ್ಜಿಯರಿಗೆಲ್ಲ ಗೊತ್ತು" ಎಂದರೆ ಸಾಕಾಗುವಂತಿರಲಿಲ್ಲ. ಬರೆದ ಸಾಕ್ಷಿ ಬೇಕಿತ್ತು. ಹಳೆಯ ಸಂಸ್ಕೃತ ಗ್ರಂಥಗಳು ಮತ್ತು 1953ರಲ್ಲಿ ಭಾರತೀಯ ವೈದ್ಯರ ಪತ್ರಿಕೆಯಲ್ಲಿ ಬಂದ ಲೇಖನ ಸೇರಿ 32 ದಾಖಲೆಗಳನ್ನು ಒದಗಿಸಿದರು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಯುರೋಪಿನಲ್ಲಿ ಬೇವಿನ ಎಣ್ಣೆಯಿಂದ ಬೆಳೆಯ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ ಕೊಟ್ಟಿದ್ದ ಪೇಟೆಂಟನ್ನು 2000ದಲ್ಲಿ ರದ್ದು ಮಾಡಿದರು. 2005ರಲ್ಲಿ ಅದು ಖಾಯಂ ಆಯಿತು.

ಈ ಪಾಠ ಕಲಿತ ಭಾರತ, 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಶುರು ಮಾಡಿತು. ಆಯುರ್ವೇದ, ಯುನಾನಿ, ಸಿದ್ಧ, ಯೋಗ ಗ್ರಂಥಗಳ ತಿಳಿವಳಿಕೆಯನ್ನು ಬೇರೆ ಬೇರೆ ದೇಶಗಳ ಪೇಟೆಂಟ್ ಪರೀಕ್ಷಕರು ಓದುವ ಭಾಷೆಗಳಲ್ಲಿ ಅದರಲ್ಲಿ ಬರೆದಿಡಲಾಗಿದೆ. ನಮ್ಮ ಪೇಟೆಂಟ್ ಕಾನೂನೂ ಪಾರಂಪರಿಕ ಜ್ಞಾನಕ್ಕೆ ಯಾರಿಗೂ ಪೇಟೆಂಟ್ ಕೊಡಬಾರದು ಎನ್ನುತ್ತದೆ.

ಅಂದರೆ ಅರಿಶಿನಕ್ಕೆ ಪೇಟೆಂಟ್ ಇಲ್ಲದಿರುವುದು ಅದರ ಬೆಲೆ ಕಡಿಮೆ ಎಂದಲ್ಲ. ಅದು ಮೊದಲೇ ಎಲ್ಲರದೂ ಆಗಿದೆ. ಎಲ್ಲರದಾದದ್ದನ್ನು ಒಬ್ಬರು ಬೇಲಿ ಹಾಕಿಕೊಳ್ಳಬಾರದು. ಆದರೆ ಗ್ರಂಥಗಳಲ್ಲಿರುವುದಕ್ಕೆ ಕಾಗದದ ಕಾವಲಿದೆ. ನಮ್ಮ ಹಟ್ಟಿ, ಮಸ್ಕಿ, ಸಿಂಧನೂರು ಕಡೆಯ ಹಿರಿಯರ ತಲೆಯಲ್ಲಿ ಮಾತ್ರ ಇರುವುದಕ್ಕೆ ಕಾವಲು ಯಾರು? ಅವರು ಹೋದರೆ ಅದೂ ಹೋಗುತ್ತದೆ.

ಮಾಡಿ ನೋಡಿ

1. ಒಂದು ನೋಟುಬುಕ್ಕಿನಲ್ಲಿ 'ನಮ್ಮೂರ ತಿಳಿವಳಿಕೆ' ಎಂದು ಬರೆಯಿರಿ. ಜೋಳಕ್ಕೆ ಹುಳ ಬೀಳದಂತೆ ಹೇಗೆ ಇಡುತ್ತಾರೆ, ಯಾವ ಎಲೆಯನ್ನು ಯಾವುದಕ್ಕೆ ಬಳಸುತ್ತಾರೆ ಎಂದು ಅಜ್ಜ ಅಜ್ಜಿಯರನ್ನು ಕೇಳಿರಿ. ಹೇಳಿದವರ ಹೆಸರು, ಊರು, ತಾರೀಖು ಬರೆಯುವುದನ್ನು ಮರೆಯಬೇಡಿ. ಔಷಧಗಳನ್ನು ಬರೆದಿಡಿ, ಆದರೆ ನೀವೇ ಪ್ರಯೋಗ ಮಾಡಬೇಡಿ. ಗಾಯ, ಕಾಯಿಲೆಗೆ ಆಸ್ಪತ್ರೆಗೇ ಹೋಗಬೇಕು.

2. ಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ ಕಾಡುವ ಒಂದು ತೊಂದರೆಯನ್ನು ಆರಿಸಿ. ಅದಕ್ಕೆ ನಿಮಗೆ ಹೊಳೆದ ಉಪಾಯದ ಚಿತ್ರ ಬರೆಯಿರಿ. ಮೂರು ಪರೀಕ್ಷೆಗಳನ್ನು ನೀವೇ ಮಾಡಿ: ಹೊಸದೇ? ಯಾರಿಗಾದರೂ ಸುಲಭವಾಗಿ ಹೊಳೆಯುವಂಥದ್ದೇ? ಕೆಲಸಕ್ಕೆ ಬರುತ್ತದೆಯೇ?

3. ಉಪಾಯ ಚೆನ್ನಾಗಿದೆ ಅನಿಸಿದರೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. 6ನೇ ತರಗತಿಯಿಂದ ಮೇಲಿನ ಮಕ್ಕಳ ಹೊಸ ಉಪಾಯಗಳನ್ನು ಶಾಲೆಯವರು 'ಇನ್‌ಸ್ಪೈರ್ ಮಾನಕ್' ಯೋಜನೆಗೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಒಂದು ಮಾತು ನೆನಪಿಡಿ: ಪೇಟೆಂಟ್ ಬೇಕೆನಿಸಿದರೆ ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಬಾರದು. ತೋರಿಸಿದರೆ ಅದು 'ಹೊಸದು' ಆಗಿ ಉಳಿಯುವುದಿಲ್ಲ.

ದೊಡ್ಡ ಪ್ರಯೋಗಾಲಯ ಇದ್ದರೆ ಮಾತ್ರ ಆವಿಷ್ಕಾರ ಎಂದುಕೊಳ್ಳಬೇಡಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ರೈತರಿಗಾಗಿ ಬಿತ್ತನೆಯ ಕೂರಿಗೆ, ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮುಂತಾದವನ್ನು ತಮ್ಮ ಊರಿನಲ್ಲೇ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವಾಲ್ಟರ್ ಹಂಟನ ಕೈಯಲ್ಲಿ ಇದ್ದದ್ದಾದರೂ ಏನು? ಒಂದು ತುಂಡು ತಂತಿ!